ಮಂಡಿ ಮಡಚುವಷ್ಟು ದಿನ

ಮೆಣಸು ಕುಯ್ಯುತ್ತಿದ್ದ ಲೋಕೇಶ್ ಏಣಿಯಿಂದ ಬಿದ್ದದ್ದು ಫೆಬ್ರವರಿಯ ಕೊನೆಯ ಮಂಗಳವಾರ. ಎಡ ತೊಡೆಯ ಮೂಳೆ ಎರಡಾಗಿತ್ತು. ಮಡಿಕೇರಿಯ ಆಸ್ಪತ್ರೆಯಲ್ಲಿ ಮೂಳೆಯೊಳಗೆ ಸಲಾಕೆ ಕೂರಿಸಿ ಜೋಡಿಸಿದರು. ಹನ್ನೊಂದನೇ ದಿನ ಮನೆಗೆ ಕಳಿಸುವಾಗ ಡಾಕ್ಟರು, ಮೂಳೆ ತಾನಾಗಿ ಕೂಡುತ್ತದೆ, ಆದರೆ ದಿನಾ ಫಿಸಿಯೋಥೆರಪಿ ಮಾಡಿಸದಿದ್ದರೆ ಮಂಡಿ ಮಡಚದೆ ಕಾಲು ಕೋಲಿನ ಹಾಗೆ ನಿಂತುಬಿಡುತ್ತದೆ ಎಂದರು. ಊರ ಹತ್ತಿರ ಯಾರಾದರೂ ಇದ್ದಾರಾ ಎಂದು ಕೇಳಿದರು. ಲೋಕೇಶ್ ಗೋಡೆ ನೋಡಿದ. ಅವನ ಹೆಂಡತಿ ಮುತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ಕೊನೆಗೆ ಮಗಳು ಶೋಭಿತಾ ಬಾಯಿ ಬಿಟ್ಟಳು.

"ನಮ್ಮ ಅತ್ತೆಯೇ ಫಿಸಿಯೋಥೆರಪಿಸ್ಟ್ ಸರ್. ಗೋಣಿಕೊಪ್ಪಲಲ್ಲಿ ಕ್ಲಿನಿಕ್ ಉಂಟು."

ಹಾಗೆ ಹೇಳಿದ್ದಕ್ಕೆ ಜೀಪಿನಲ್ಲಿ ನೆಲ್ಯಹುದಿಕೇರಿ ಮುಟ್ಟುವವರೆಗೂ ಅಪ್ಪ ತನ್ನ ಹತ್ತಿರ ಒಂದು ಮಾತೂ ಆಡಲಿಲ್ಲ ಎಂದು ಶೋಭಿತಾ ಆಮೇಲೆ ಆ ಅತ್ತೆ ಯಮುನಾಳಿಗೆ ಹೇಳಿದಳು. ಯಮುನಾ ನಕ್ಕಳು. ಫೋನ್ ಮಾಡಿ ಕರೆದದ್ದು ಮುತ್ತಿ. "ನಿನ್ನಣ್ಣನ ಕಾಲು ಮಡಚಿಸ್ಬೇಕಂತೆ. ಬರ್ತೀಯಾ?" ಎಂದು ಕೇಳಿದ್ದಕ್ಕೆ ಯಮುನಾ ಬರ್ತೀನಿ ಎಂದಷ್ಟೇ ಹೇಳಿದ್ದಳು. ಸಂಜೆಯ ರೋಗಿಗಳನ್ನೆಲ್ಲ ಬೆಳಿಗ್ಗೆಗೆ ಬರಹೇಳಿ, ಎರಡು ಗಂಟೆಗೆ ಬಾಗಿಲು ಹಾಕಿ, ಪಾಲಿಬೆಟ್ಟದ ಮೇಲೆ ಸಿದ್ದಾಪುರಕ್ಕೆ ಹೋಗುವ ಬಸ್ಸು ಹತ್ತಿದಳು. ಸಿದ್ದಾಪುರದಿಂದ ಸೇತುವೆ ದಾಟಿದರೆ ನೆಲ್ಯಹುದಿಕೇರಿಯಲ್ಲಿ ಅಣ್ಣನ ಮನೆ. ಹಳೆಯ ಮನೆಯನ್ನು ಹೊಳೆ ತೆಗೆದುಕೊಂಡು ಹೋದ ಮೇಲೆ ಸಿಕ್ಕಿದ ಎರಡು ಕೋಣೆಯ ಮನೆ ಅದು. ಅಣ್ಣನ ಮನೆಯಲ್ಲಿ ಅವಳು ರಾತ್ರಿ ಉಳಿದು ಹದಿನೇಳು ವರ್ಷವಾಗಿತ್ತು. ಈಗ ದಿನಾ ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಕ್ಲಿನಿಕ್ಕಿಗೆ ತಿರುಗತೊಡಗಿದಳು.

ಅಣ್ಣ ತಂಗಿ ಹುಟ್ಟಿದ್ದು ಹುದಿಕೇರಿ ಕಡೆಯ ಒಂದು ತೋಟದಲ್ಲಿ, ಆಳುಗಳಿಗೆ ಸಾಲಾಗಿ ಕಟ್ಟಿದ ಲೈನ್‌ಮನೆಯಲ್ಲಿ. ಅಪ್ಪನ ಹೆಸರು ಪಾಪ, ಅವ್ವನದು ಚೋಮಿ, ಇಬ್ಬರೂ ಅಲ್ಲಿಯ ಆಳುಗಳು. ಯಮುನಾ ಶಾಲೆಗೆ ಹೋಗುತ್ತಲೇ ರಜೆಯಲ್ಲಿ ಕಾಫಿ ಪಿಕ್ಕಿಂಗ್ ಮಾಡಿದವಳು. ಪಿಯುಸಿಯಲ್ಲಿ ಸೈನ್ಸ್ ತಗೊಂಡು ಕೆಮಿಸ್ಟ್ರಿಯಲ್ಲಿ ಬಿದ್ದಳು. ಅಪ್ಪ ತೀರಿಕೊಂಡ ವರ್ಷವೇ ಅದು. ಮತ್ತೆ ಪರೀಕ್ಷೆ ಕಟ್ಟುವ ಮಾತು ಯಾರೂ ಎತ್ತಲಿಲ್ಲ. ವಿರಾಜಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿ ಸೇರಿದಳು. ಅಲ್ಲಿಗೆ ವಾರಕ್ಕೆರಡು ದಿನ ಮೈಸೂರಿನಿಂದ ಒಬ್ಬರು ಬರುತ್ತಿದ್ದರು. ಅವರು ಔಷಧಿ ಬರೆಯುತ್ತಿರಲಿಲ್ಲ, ಸೂಜಿ ಚುಚ್ಚುತ್ತಿರಲಿಲ್ಲ. ಲಕ್ವ ಹೊಡೆದು ಆರು ವಾರ ಮಲಗಿದ್ದ ಪೋಸ್ಟ್‌ಮಾಸ್ಟರನ್ನು ದಿನಕ್ಕೊಂದಿಷ್ಟು ಏಳಿಸಿ, ಕೂರಿಸಿ, ಒಂದು ದಿನ ಕಿಟಕಿಯವರೆಗೆ ನಡೆಸಿಬಿಟ್ಟರು. ಯಮುನಾ ಬೆಡ್‌ಪ್ಯಾನ್ ಹಿಡಿದು ಬಾಗಿಲಲ್ಲೇ ನಿಂತು ನೋಡಿದಳು. ಅಂಥ ಒಂದು ಕೆಲಸ ಇದೆ ಎಂದು ಅವಳಿಗೆ ಗೊತ್ತಾದದ್ದೇ ಆವತ್ತು.

ಆದರೆ ಅಲ್ಲಿಗೆ ಹೋಗುವ ದಾರಿ ನೇರ ಇರಲಿಲ್ಲ. ಮೊದಲು ಕೇರಳಕ್ಕೆ ಹೋಗಿ ಎಣ್ಣೆ ಹಚ್ಚಿ ಮೈ ತಿಕ್ಕುವ ಚಿಕಿತ್ಸೆ ಕಲಿತಳು. ಬಂದು ಸಿದ್ದಾಪುರದ ಹತ್ತಿರದ ರೆಸಾರ್ಟಿನಲ್ಲಿ ಸೇರಿದಳು. ಅಲ್ಲಿ ಅವಳು ತಿಕ್ಕುತ್ತಿದ್ದದ್ದು ಹೆಂಗಸರಿಗೆ ಮಾತ್ರ. ಊರಿನ ಬಾಯಿಗೆ ಅದೆಲ್ಲ ಬೇಕಿರಲಿಲ್ಲ. ಹೆಂಡದಂಗಡಿಯಲ್ಲಿ ಯಾರೋ ಒಬ್ಬ ಲೋಕೇಶನ ಭುಜ ತಟ್ಟಿ, ನನಗೂ ಬೆನ್ನು ನೋವು, ನಿನ್ನ ತಂಗಿಗೆ ಒಂದು ಮಾತು ಹೇಳು ಎಂದನಂತೆ. ಮರುದಿನ ಲೋಕೇಶ್ ರೆಸಾರ್ಟಿನ ಗೇಟಿಗೇ ಹೋದ. "ಈ ಕೆಲಸ ಬಿಡೋದಾದ್ರೆ ಮನೆಗೆ ಬಾ. ಇಲ್ಲಾಂದ್ರೆ ಬರಬೇಡ" ಎಂದು ವಾಚ್‌ಮನ್ ಎದುರಿಗೇ ಹೇಳಿ ಬಂದ. ಅವಳು ಬಿಡಲಿಲ್ಲ. ಆ ರೆಸಾರ್ಟಿನ ಕೋಣೆಯಲ್ಲೇ ಕೂತು ಕೆಮಿಸ್ಟ್ರಿ ಓದಿ ಪಾಸಾದಳು. ಇಪ್ಪತ್ತೈದನೇ ವಯಸ್ಸಿಗೆ ಸ್ಕಾಲರ್‌ಶಿಪ್ಪು, ಸರ್ಕಾರಿ ಹಾಸ್ಟೆಲ್ಲು ಹಿಡಿದು ಮೈಸೂರಿನಲ್ಲಿ ಫಿಸಿಯೋಥೆರಪಿಯ ಡಿಗ್ರಿ ಬಿ.ಪಿ.ಟಿ.ಗೆ ಸೇರಿದಳು.

ಕ್ಲಾಸಿನವರೆಲ್ಲ ಅವಳಿಗಿಂತ ಏಳೆಂಟು ವರ್ಷ ಚಿಕ್ಕವರು, ಅಕ್ಕ ಎಂದು ಕರೆಯುತ್ತಿದ್ದರು. ಸ್ನಾಯುಗಳ ಇಂಗ್ಲಿಷ್ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಆದರೆ ಒಬ್ಬರ ಬೆನ್ನ ಮೇಲೆ ಕೈಯಿಟ್ಟರೆ ಎಲ್ಲಿ ಗಂಟು ಕಟ್ಟಿದೆ ಎಂದು ಮೇಷ್ಟರಿಗಿಂತ ಮೊದಲೇ ತಿಳಿಯುತ್ತಿತ್ತು. ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ಆಮೇಲೆ ಮೈಸೂರಿನ ಆಸ್ಪತ್ರೆಯಲ್ಲಿ ಎರಡು ವರ್ಷ. ನಂತರ ಒಂದು ಸಂಸ್ಥೆಯ ವ್ಯಾನಿನಲ್ಲಿ ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳನ್ನು ಸುತ್ತಿ, ನಡೆಯಲಾಗದ ಮಕ್ಕಳ ಕಾಲು ಹಿಡಿದು ಮೂರು ವರ್ಷ. ಆ ವ್ಯಾನಿನಲ್ಲಿ ಕೃತಕ ಕಾಲು ಅಳತೆ ಮಾಡಲು ಬರುತ್ತಿದ್ದ ನಿರಂಜನ್ ಎಂಬವನು ಒಂದು ಮಾತು ಕೇಳುತ್ತಾನೆ ಎಂದು ಅವಳು ಎರಡು ಮಳೆಗಾಲ ಕಾದಳು. ಅವನು ಕೇಳಲಿಲ್ಲ. ಬೇರೆ ಮದುವೆಯಾದ. ಅವಳು ಊರ ಕಡೆ ಬಂದು ಗೋಣಿಕೊಪ್ಪಲಲ್ಲಿ ಅನಿಲ್‌ಕುಮಾರ್ ಎಂಬವರ ಮೆಡಿಕಲ್ ಶಾಪಿನ ಮಹಡಿ ಮೇಲೆ ಎರಡು ಕೋಣೆ ಹಿಡಿದಳು. ಮುಂದಿನದು ಕ್ಲಿನಿಕ್, ಹಿಂದಿನದು ಮನೆ. ವರ್ಷಕ್ಕೆರಡು ಸಲ ಹಬ್ಬಕ್ಕೆ ಅಣ್ಣನ ಮನೆಗೆ ಹೋಗಿ, ಅಲ್ಲಿದ್ದ ಅವ್ವನಿಗೆ ಸೀರೆ ಕೊಟ್ಟು, ಸಂಜೆ ಬಸ್ಸಿಗೇ ತಿರುಗಿ ಬರುತ್ತಿದ್ದಳು.

ಈಗ ನಲವತ್ತೊಂದನೇ ವಯಸ್ಸಿಗೆ ಅದೇ ಅಣ್ಣನ ಕಾಲಿನ ಎದುರು ಕೂತಳು.

ಮೊದಲ ವಾರ ಲೋಕೇಶ್ ಕಾಲು ಮುಟ್ಟಗೊಡಲಿಲ್ಲ. ಲುಂಗಿ ಮಂಡಿಯಿಂದ ಮೇಲೆ ಸರಿಸಲು ನಾಚಿಕೆ. ಹಿಮ್ಮಡಿಯನ್ನು ಹಾಸಿಗೆ ಮೇಲೆ ಜಾರಿಸುತ್ತಾ ಹತ್ತಿರ ತಗೊಂಡು ಬಾ ಎಂದರೆ ನಾಲ್ಕು ಬೆರಳು ಜಾರಿಸಿ ಆಯ್ತಲ್ಲ ಎನ್ನುತ್ತಿದ್ದ. ಅವಳು ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿ ಇಟ್ಟು ನೋಡಿದಳು, ಮೂವತ್ತೈದು ಡಿಗ್ರಿ. ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಕಾದರೆ ನೂರಿಪ್ಪತ್ತಾದರೂ ಬೇಕು ಎಂದು ಹೇಳಿದಳು. ಮಳೆ ಹಿಡಿಯುವುದರೊಳಗೆ ಎದ್ದು ಬಂದರೆ ನರ್ಸರಿಯಲ್ಲಿ ಕೆಲಸ ಕೊಡ್ತೀನಿ, ಆಮೇಲೆ ನಾನು ಜವಾಬ್ದಾರನಲ್ಲ ಎಂದು ಆಳುಗಳ ಹಾಜರಿ ಬರೆಯುವ ತೋಟದ ರೈಟರು ಹೇಳಿ ಕಳಿಸಿದ ಮೇಲೆ ಲೋಕೇಶ್ ಹಲ್ಲು ಕಚ್ಚಿಕೊಂಡು ಲುಂಗಿ ಮೇಲೆತ್ತಿದ.

ಮುತ್ತಿಗೂ ಅವಳಿಗೂ ಜಗಳ ಬಂದದ್ದು ಮೊಟ್ಟೆಯಿಂದ. ಮೂಳೆ ಕೂಡಲಿ ಎಂದು ಯಮುನಾ ದಿನಾ ನಾಲ್ಕು ಮೊಟ್ಟೆ ತಂದು ಬೇಯಿಸಿ ಅಣ್ಣನಿಗೆ ಎರಡು, ಉಳಿದವರಿಗೆ ಎರಡು ಇಡುತ್ತಿದ್ದಳು. ಗಂಡ ಬಿದ್ದ ಮೇಲೆ ಮುತ್ತಿ ಭಾನುವಾರ ಬಿಟ್ಟು ಒಂದು ದಿನವೂ ತಪ್ಪದೆ ತೋಟಕ್ಕೆ ಹೋಗುತ್ತಿದ್ದಳು. ಸಂಜೆ ಸೋತು ಬಂದು ಒಲೆಯ ಮೇಲೆ ಬೇರೆಯವರ ಪಾತ್ರೆ ಕಂಡರೆ ಅವಳಿಗೆ ಸೇರುತ್ತಿರಲಿಲ್ಲ.

"ನನ್ನ ಗಂಡನಿಗೆ ಮೊಟ್ಟೆ ಹಾಕುವಷ್ಟು ಗತಿ ನನಗಿಲ್ವಾ?" ಎಂದಳು ಒಂದು ದಿನ.

"ಹಾಗಲ್ಲ ಅತ್ತಿಗೆ. ಬರ್ತಾ ದಾರಿಯಲ್ಲಿ ಸಿಗ್ತದೆ, ತರ್ತೀನಿ."

"ತಾ. ಆದ್ರೆ ನನ್ನ ಕೈಗೆ ಕೊಡು. ಬೇಯಿಸೋದು ನಾನು."

ಅಂದಿನಿಂದ ಯಮುನಾ ಮೊಟ್ಟೆಯ ಪೊಟ್ಟಣವನ್ನು ಅಡುಗೆ ಮನೆಯ ಹೊಸ್ತಿಲ ಹೊರಗೇ ಇಟ್ಟಳು. ಒಳಗೆ ಹೋಗಲಿಲ್ಲ. ಮಲಗುವಾಗ ಅವ್ವನ ಚಾಪೆಯ ಪಕ್ಕ ಅವಳ ಚಾಪೆ. ಚೋಮಿಗೆ ಕಿವಿ ಮಂದ. ಮಗಳ ಕೈ ಹುಡುಕಿ ಹಿಡಿದುಕೊಂಡು ಮಲಗುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬರು ಉಸಿರಾಡುವ ಸದ್ದಿನಲ್ಲಿ ನಿದ್ದೆ ಮಾಡುವ ಅಭ್ಯಾಸ ತಪ್ಪಿಹೋಗಿದ್ದ ಯಮುನಾ ಮೊದಲ ನಾಲ್ಕು ದಿನ ಕಣ್ಣು ಮುಚ್ಚಲಿಲ್ಲ. ಐದನೇ ದಿನದಿಂದ ಚೆನ್ನಾಗಿ ನಿದ್ದೆ ಬಂತು.

ಶೋಭಿತಾ ಎರಡನೇ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲೇ ಇದ್ದಳು. ಅತ್ತೆ ಇಲ್ಲದ ಬೆಳಗಿನ ಹೊತ್ತಿನಲ್ಲಿ ಮಾಡಿಸಲೆಂದು ಅಪ್ಪನ ಕಾಲು ಹಿಡಿಯುವುದನ್ನು ಅವಳಿಂದಲೇ ಕಲಿತಳು. ಒಂದು ಕೈ ಮಂಡಿಯ ಕೆಳಗೆ, ಒಂದು ಕೈ ಹಿಮ್ಮಡಿಗೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಇನ್ನೊಂದಿಷ್ಟು ಒತ್ತಬೇಕು ಎಂಬುದು ಅವಳ ಕೈಗೆ ಬೇಗ ಹತ್ತಿತು. ಯಮುನಾ ಅದನ್ನು ಗಮನಿಸಿದಳು. ಹೇಳಲಿಲ್ಲ, ಆದರೆ ಬಸ್ಸಿನಲ್ಲಿ ಹೋಗುವಾಗ ಅದನ್ನೇ ನೆನೆಸಿಕೊಂಡು ಹೋದಳು. ಏಪ್ರಿಲ್ ಮೊದಲ ವಾರಕ್ಕೆ ಮಂಡಿ ಎಪ್ಪತ್ತಕ್ಕೆ ಬಂದಿತ್ತು. ಲೋಕೇಶ್ ವಾಕರ್ ಹಿಡಿದು ಅಂಗಳಕ್ಕೆ ಇಳಿದಿದ್ದ.

ಆ ವಾರವೇ ಒಂದು ಸಂಜೆ ಊಟಕ್ಕೆ ಕೂತಾಗ ಮಾತು ಬಂತು. ಅನ್ನ, ಒಣಮೀನಿನ ಸಾರು. ಶೋಭಿತಾ ತಟ್ಟೆ ನೋಡುತ್ತಲೇ, ಅತ್ತೆ ಓದಿದ್ದನ್ನೇ ತಾನೂ ಓದುತ್ತೇನೆ ಎಂದಳು.

"ಬೇಡ" ಎಂದಳು ಮುತ್ತಿ. ನರ್ಸಿಂಗ್ ಓದು, ಮಡಿಕೇರಿಯಲ್ಲೇ ಉಂಟು ಎಂದಳು.

ಯಮುನಾ ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. "ಈ ಕೆಲಸದಲ್ಲಿ ಎಂತ ತಪ್ಪು ಕಂಡ್ರಿ ಅತ್ತಿಗೆ?"

"ತಪ್ಪು ಅಂತ ನಾನು ಹೇಳಿದ್ನಾ? ದಿನಾ ನೋಡ್ತಿದ್ದೀನಲ್ಲ, ನಿನ್ನ ಕೈ ಒಳ್ಳೇದೇ." ಮುತ್ತಿ ಸೌಟು ಕೆಳಗಿಟ್ಟಳು. "ನನ್ನ ಮಗಳು ನಿನ್ನ ಹಾಗೆ ಆಗೋದು ಬೇಡ, ಅಷ್ಟೇ. ಹೋದ ವರ್ಷ ನಿನಗೆ ಡೆಂಗಿ ಆದಾಗ ನಮಗೆ ಯಾರು ಹೇಳಿದ್ದು? ಮೆಡಿಕಲ್ ಶಾಪಿನವರು. ನಾಲ್ಕು ದಿನದಿಂದ ಮೇಲೆ ಬಾಗಿಲೇ ತೆಗ್ದಿಲ್ಲ, ನಿಮ್ಮವರೇ ಅಲ್ವಾ ಅಂತ ಫೋನ್ ಮಾಡಿದ್ರು. ಅಲ್ಲಿವರೆಗೆ ಒಂದು ನರಪಿಳ್ಳೆಗೆ ಗೊತ್ತಿರ್ಲಿಲ್ಲ."

ಲೋಕೇಶ್ ಅನ್ನ ಕಲಸುತ್ತಲೇ ಇದ್ದ. ಚೋಮಿ, ಎಂತಂತೆ, ಎಂತ ಹೇಳ್ತಿದ್ದಾಳೆ ಎಂದು ಎರಡು ಸಲ ಕೇಳಿದಳು. ಯಮುನಾ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು, ತಟ್ಟೆ ತೊಳೆದಿಟ್ಟಳು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದವಳು ಆ ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಮೂರು ದಿನ ಅವಳು ಹೊತ್ತು ಮುಳುಗುವವರೆಗೂ ಕ್ಲಿನಿಕ್ ತೆರೆದಿಟ್ಟಳು. ಹಾಕಿ ಆಡುವ ಹುಡುಗರ ಮಂಡಿ, ತೋಟದ ಯಜಮಾನಿಯರ ಸೊಂಟ, ನಿವೃತ್ತ ಮೇಷ್ಟರ ಕುತ್ತಿಗೆ. ಬಾಗಿಲು ಹಾಕಿದ ಮೇಲೆ ಒಲೆ ಹಚ್ಚುವ ಮನಸ್ಸಾಗದೆ ಎರಡು ದಿನ ಬನ್ನು ತಿಂದಳು. ನಾಲ್ಕನೇ ದಿನ ಮಧ್ಯಾಹ್ನ ಫೋನ್ ಬಂತು. ಅಣ್ಣ ಅವಳಿಗೆ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಕಾಲು ಮಡಚ್ತಾ ಇಲ್ಲ" ಎಂದ.

"ಶೋಭಿ ಮಾಡಿಸ್ತಿಲ್ವಾ?"

"ಮಾಡಿಸ್ತಾಳೆ." ಗಂಟಲು ಸರಿಮಾಡಿಕೊಂಡ. "ನೀನು ಮಾಡಿಸಿದ ಹಾಗೆ ಆಗಲ್ಲ."

ಎರಡು ಗಂಟೆಗೆ ಅವಳು ಬಾಗಿಲು ಹಾಕಿದಳು. ಹೋಗಿ ನೋಡಿದರೆ ಮಂಡಿ ಅರವತ್ತಕ್ಕೆ ಇಳಿದಿತ್ತು. ಯಾರೂ ಹಳೆಯ ಮಾತು ಎತ್ತಲಿಲ್ಲ. ಅವತ್ತು ಅವಳು ಕನಿಕರ ತೋರಿಸದೆ ಒತ್ತಿದಳು. ಲೋಕೇಶ್ ಮಂಚದ ಸರಳು ಹಿಡಿದು ಕೂಗಿದ. ನೋವು ಇಳಿದ ಮೇಲೆ ಬೆವರು ಒರೆಸಿಕೊಳ್ಳುತ್ತಾ, ಅವಳ ಮುಖ ನೋಡದೆ ಕೇಳಿದ.

"ಇಷ್ಟು ವರ್ಷದಲ್ಲಿ ಎಷ್ಟು ಗಂಡಸರ ಕಾಲು ಹಿಡ್ದಿದ್ದಿ?"

"ಯಾರಿಗೆ ನೆನಪಿರ್ತದೆ? ನಿನ್ನಷ್ಟು ಕಿರುಚಿದವರು ಮಾತ್ರ ಒಬ್ರೂ ಇಲ್ಲ."

ಅವನಿಗೆ ನಗು ಬಂತು. ನಗು ತಡೆಯಲು ಹೋಗಿ ಕೆಮ್ಮಿದ. ಹೊರಗೆ ಎಡಗೈಯಲ್ಲಿ ಕಟ್ಟಿಗೆ ಒಡೆಯುತ್ತಿದ್ದ ಮುತ್ತಿ ಕತ್ತಿ ನಿಲ್ಲಿಸಿ ಒಳಗೆ ನೋಡಿದಳು. ಆವತ್ತಿನಿಂದ ಲೋಕೇಶ್ ತಂಗಿ ಬರುವ ಹೊತ್ತಿಗೆ ಲುಂಗಿ ಮಡಚಿ ಕಟ್ಟಿ ತಯಾರಾಗಿ ಕೂರುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಯಮುನಾ, ಶೋಭಿತಾ ಹಿತ್ತಲ ಕಲ್ಲಿನ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ಶೋಭಿತಾ ಸೋಪು ಹಚ್ಚುತ್ತಾ, ಅಮ್ಮ ಅವತ್ತು ಹೇಳಿದ್ದು ನಿಜವಾ ಎಂದು ಕೇಳಿದಳು. ಯಾವುದು ಎಂದಳು ಯಮುನಾ.

"ನಿಮಗೆ ಒಬ್ಬರೇ ಇದ್ದು ಬೇಜಾರಾಗ್ತದಾ ಅತ್ತೆ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಹುಡುಗಿಯ ಕೈ ಒಳ್ಳೆಯದು. ಮುಂದಿನ ವರ್ಷಗಳಲ್ಲಿ ಮಹಡಿಯ ಮೇಲಿನ ಕ್ಲಿನಿಕ್ಕಿನಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಇಬ್ಬರೂ ಕೆಲಸ ಮಾಡುವುದನ್ನು ಯಮುನಾ ಆಗಲೇ ಮನಸ್ಸಿನಲ್ಲಿ ಎಷ್ಟೋ ಸಲ ನೋಡಿಯಾಗಿತ್ತು. ಬಟ್ಟೆ ಹಿಂಡಿ ಕಲ್ಲಿನ ಮೇಲಿಟ್ಟಳು.

"ಆಗ್ತದೆ" ಎಂದಳು. "ಬೆಳಿಗ್ಗೆಯಿಂದ ಹತ್ತು ಹದಿನೈದು ಜನರ ಮೈ ಮುಟ್ಟಿರ್ತೀನಿ. ಸಂಜೆ ನನ್ನ ಭುಜ ಹಿಡ್ಕೊಂಡ್ರೆ ಗೋಡೆಗೂ ಬೆನ್ನಿಗೂ ನಡುವೆ ಒಂದು ಚೆಂಡು ಇಟ್ಟು ನಾನೇ ಉಜ್ಕೊಳ್ತೀನಿ. ಗುಣ ಆದವರು ಮತ್ತೆ ಬರಲ್ಲ. ಬರಬಾರ್ದು ಕೂಡ."

ಒಳ್ಳೆಯದನ್ನೂ ಹೇಳಿದಳು. ಹಾಡಿಯ ಒಂದು ಮಗು ಏಳು ವರ್ಷಕ್ಕೆ ಮೊದಲ ಸಲ ನಿಂತು, ತನ್ನ ಕಾಲನ್ನೇ ಬಗ್ಗಿ ನೋಡಿಕೊಂಡದ್ದು, ಅದರ ಅವ್ವ ಭಯಪಟ್ಟು ಕೂರಿಸಲು ಓಡಿಬಂದದ್ದು. ಅದು ಬೇರೆ ಯಾವ ಕೆಲಸದಲ್ಲೂ ಸಿಗುವುದಿಲ್ಲ ಎಂದಳು. ಶೋಭಿತಾ ಕೇಳಿಸಿಕೊಂಡಳು. ಆದರೆ ಸೋಪು ಹಚ್ಚುತ್ತಿದ್ದ ಕೈ ನಿಂತದ್ದು ಮೊದಲಿನ ಮಾತಿಗೆ.

ಮೇ ತಿಂಗಳಲ್ಲಿ ಕಾಲೇಜು ಸೇರುವ ಹೊತ್ತಿಗೆ ಹುಡುಗಿ ನರ್ಸಿಂಗ್ ಅರ್ಜಿಯನ್ನೇ ತುಂಬಿದಳು. ಅಮ್ಮ ಬಲವಂತ ಮಾಡಲಿಲ್ಲ ಎಂದು ಅವಳೇ ಹೇಳಿದಳು. "ಅಲ್ಲಿ ಹಾಸ್ಟೆಲ್ಲು, ವಾರ್ಡು, ಡ್ಯೂಟಿ ಎಲ್ಲ ಒಟ್ಟಿಗೇ ಅಲ್ವಾ ಅತ್ತೆ. ಯಾವಾಗ್ಲೂ ನಾಲ್ಕು ಜನ ಜೊತೆಗಿರ್ತಾರೆ." ಯಮುನಾ ಹೌದು ಎಂದಳು. ಅರ್ಜಿಯಲ್ಲಿ ಎರಡು ಕಡೆ ತಪ್ಪು ತುಂಬಿದ್ದನ್ನು ಸರಿಮಾಡಿಸಿ, ಫೋಟೋ ಅಂಟಿಸಿಕೊಟ್ಟಳು.

ಜೂನ್ ಮೊದಲ ವಾರ ಮಂಡಿ ನೂರಿಪ್ಪತ್ತಕ್ಕೆ ಬಂತು. ಲೋಕೇಶ್ ಕೋಲು ಹಿಡಿದು ತೋಟದವರೆಗೆ ನಡೆದು ಹೋಗಿ ರೈಟರಿಗೆ ಮುಖ ತೋರಿಸಿ ಬಂದ. ನರ್ಸರಿಯಲ್ಲಿ ಕೂತು ಗಿಡದ ಚೀಲಕ್ಕೆ ಮಣ್ಣು ತುಂಬುವ ಕೆಲಸ ಸಿಕ್ಕಿತು. ಇನ್ನು ಏಣಿ ಹತ್ತುವುದು ಬೇಡ, ನಡಿಗೆಯಲ್ಲಿ ಒಂದಿಷ್ಟು ಕುಂಟು ಉಳಿಯುತ್ತದೆ ಎಂದು ಯಮುನಾ ಮುಚ್ಚುಮರೆ ಇಲ್ಲದೆ ಹೇಳಿದಳು. ಇರಲಿ ಬಿಡು ಎಂದ.

"ಹಾಗಾದ್ರೆ ನಾಳೆಯಿಂದ ನೀನು ಬರೋದು ಬೇಡ ಅಲ್ವಾ?" ಎಂದೂ ಕೇಳಿದ. ತಂಗಿಗೆ ತೊಂದರೆ ತಪ್ಪಿತು ಎಂಬ ಸಮಾಧಾನ ಆ ಮಾತಿನಲ್ಲಿತ್ತು. ಅವಳು ಬೇಡ ಎಂದಳು. ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದಳು. ಮುತ್ತಿ ಒಂದು ಹಲಸಿನ ಹಣ್ಣನ್ನು ಕೊಯ್ದು ಅರ್ಧ ಕಟ್ಟಿಕೊಟ್ಟಳು. ಅವ್ವ ಮಾತ್ರ ಏನೂ ಅರ್ಥವಾಗದೆ, ಸಂಜೆ ಎಷ್ಟು ಹೊತ್ತಿಗೆ ಬರ್ತೀಯ ಎಂದು ಕೇಳಿದಳು.

ಗೋಣಿಕೊಪ್ಪಲಲ್ಲಿ ಮಳೆ ಹಿಡಿಯಿತು. ಎರಡು ಗಂಟೆಯಾದರೆ ಯಮುನಾಳ ಕೈ ತಾನಾಗಿ ಬ್ಯಾಗಿಗೆ ಹೋಗುತ್ತಿತ್ತು. ಆಮೇಲೆ ನೆನಪಾಗಿ ಬ್ಯಾಗನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಸಂಜೆಯ ರೋಗಿಗಳನ್ನು ಹಳೆಯ ಸಮಯಕ್ಕೇ ಬರಹೇಳಿದಳು. ಮಲಗಿದರೆ ನಿದ್ದೆ ಬಾರದು. ಅವ್ವನ ಕೈ ಇಲ್ಲದ ಕಡೆಗೆ ಮಗ್ಗುಲಾಗಿ ಮಳೆ ಕೇಳುತ್ತಿದ್ದಳು. ಶೋಭಿತಾ ಹಾಸ್ಟೆಲಿನಿಂದ ಮೊದಮೊದಲು ವಾರಕ್ಕೊಮ್ಮೆ ಫೋನ್ ಮಾಡಿದಳು. ಬರಬರುತ್ತಾ ಹಿಂದೆ ಗೆಳತಿಯರ ಗದ್ದಲ ಜಾಸ್ತಿಯಾಗಿ ಮಾತು ಕಮ್ಮಿಯಾಯಿತು. ಅಣ್ಣನ ಮನೆಯಿಂದ ಫೋನ್ ಬರಲಿಲ್ಲ. ಕಾಲು ನೋಯುತ್ತಿಲ್ಲ ಎಂದು ಅರ್ಥ.

ಜುಲೈ ಕೊನೆಯ ಒಂದು ಭಾನುವಾರ, ಕ್ಲಿನಿಕ್ಕಿಗೆ ರಜೆ. ಕೆಳಗಿನ ಮೆಡಿಕಲ್ ಶಾಪಿನಿಂದ ಅನಿಲ್‌ಕುಮಾರ್ ಕೂಗಿ, ಯಾರೋ ನಿಮ್ಮ ಬೆಂಚಿನ ಮೇಲೆ ಆಗಿನಿಂದ ಕೂತಿದ್ದಾರೆ ಎಂದರು. ಬಾಗಿಲು ತೆಗೆದರೆ ಮುತ್ತಿ. ಕೊಡೆಯಿಂದ ನೀರು ಸೋರಿ ಕಾಲ ಕೆಳಗೆ ಮಡು ನಿಂತಿತ್ತು.

"ಅಣ್ಣಂಗೆ ಎಂತಾಯ್ತು?" ಎಂದಳು ಯಮುನಾ.

"ಅವರಿಗೆ ಎಂತದೂ ಆಗಿಲ್ಲ. ನನಗೆ."

ಮುತ್ತಿ ಬಲಭುಜ ಮುಟ್ಟಿ ತೋರಿಸಿದಳು. ಯಮುನಾ ಅವಳನ್ನು ಒಳಗೆ ಕೂರಿಸಿ ಬಲಗೈ ಎತ್ತಲು ಹೇಳಿದಳು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಯಮುನಾ ಹಿಡಿದು ಎತ್ತಲು ನೋಡಿದರೆ ಮುತ್ತಿಯ ತುಟಿ ಬಿಗಿಯಿತು, ಸದ್ದು ಬರಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದಳು. ಮಾರ್ಚಿನಿಂದ ಎಂದಳು ಮುತ್ತಿ. ಆಗ ತೋಟದಲ್ಲಿ ಒಬ್ಬಳೇ ದುಡಿಯುತ್ತಿದ್ದಾಗ ಶುರುವಾದದ್ದಂತೆ. ಬಟ್ಟೆ ಒಣಗಿಸುವುದು, ತಲೆ ಬಾಚುವುದು ಎಲ್ಲ ಎಡಗೈಯಲ್ಲೇ ನಡೆದಿತ್ತು.

ಯಮುನಾ ಹಿಡಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ರಸ್ತೆಯಲ್ಲಿ ಹೋಗುವವರ ನಡಿಗೆ ನೋಡಿ ಯಾವ ಮಂಡಿ ನೋಯುತ್ತದೆ ಎಂದು ಹೇಳುವವಳು ಅವಳು. ಮೂರು ತಿಂಗಳು ಒಂದೇ ಸೂರಿನಡಿ ಇದ್ದೂ ಇದನ್ನು ನೋಡಿರಲಿಲ್ಲ.

"ನನಗೆ ಹೇಳ್ಬಾರ್ದಿತ್ತಾ ಅತ್ತಿಗೆ?"

"ನೀನು ನಿನ್ನಣ್ಣನ ಕಾಲು ನೋಡಕ್ಕೆ ಬಂದಿದ್ದಿ" ಎಂದಳು ಮುತ್ತಿ. ಮುನಿಸಿನಿಂದ ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದಳು.

ಬಿಸಿ ಚೀಲ ಇಟ್ಟು, ಕೀಲನ್ನು ಸಡಿಲಿಸಿ, ಮುಕ್ಕಾಲು ಗಂಟೆ ಯಮುನಾ ಆ ಭುಜದ ಮೇಲೆ ಕೆಲಸ ಮಾಡಿದಳು. ನಡುವೆ ಮುತ್ತಿಗೆ ಕೂತಲ್ಲೇ ತೂಕಡಿಕೆ ಬಂತು. ಎಚ್ಚರವಾದಾಗ ಒಳಗಿನ ಕೋಣೆಯ ಕಡೆ ನೋಡಿದಳು. ಸ್ಟವ್ ಮೇಲೆ ಒಂದು ಸಣ್ಣ ಪಾತ್ರೆ, ಬಾಗಿಲ ಹಿಂದೆ ಒಂದು ಛತ್ರಿ. ಎಷ್ಟು ಸಲ ಬರಬೇಕಾಗ್ತದೆ ಎಂದು ಕೇಳಿದಳು.

ಮನೆಯಲ್ಲೇ ಮಾಡುವ ಎರಡು ವ್ಯಾಯಾಮ ಕಲಿಸಿ, ತಿಂಗಳು ಬಿಟ್ಟು ಒಂದು ಸಲ ಬಂದು ತೋರಿಸಿ ಎಂದರೆ ಸಾಕಾಗುವಂಥ ಭುಜ ಅದು. ಬೇರೆ ಯಾರಿಗಾದರೂ ಯಮುನಾ ಹಾಗೆಯೇ ಹೇಳುತ್ತಿದ್ದಳು.

"ಎಂಟು ಭಾನುವಾರ" ಎಂದಳು.

ಮುತ್ತಿ ಸೆರಗು ಸರಿಮಾಡಿಕೊಂಡು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. "ಭಾನುವಾರ ನಿನಗೆ ರಜೆಯಲ್ವಾ?"

"ರಜೆಯೇ."

"ಹಾಗಾದ್ರೆ ಅಡುಗೆ ಮಾಡ್ಕೋಬೇಡ. ಬರ್ತಾ ನಾನೇ ತರ್ತೀನಿ."

ಯಮುನಾ ಅವಳನ್ನು ಗೋಡೆಯ ಹತ್ತಿರ ನಿಲ್ಲಿಸಿ, ಬೆರಳುಗಳನ್ನು ಇರುವೆಯ ಹಾಗೆ ಗೋಡೆ ಮೇಲೆ ಹತ್ತಿಸುವುದನ್ನು ತೋರಿಸಿಕೊಟ್ಟಳು. ದಿನಾ ಹತ್ತು ಸಲ ಮಾಡಬೇಕು ಎಂದಳು. ಇನ್ನೊಂದು ವ್ಯಾಯಾಮವನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಂಡಳು.